ಬೀಗ ಒಡೆಯಲು ಕಲಿತವರು

ಮೊದಲು ಬೂಟುಗಳ ಓಟ. ಆಮೇಲೆ ಸುತ್ತಿಟ್ಟ ಕ್ಯಾನ್ವಾಸ್ ಪೈಪು ನೆಲದ ಮೇಲೆ ಉರುಳುತ್ತ ಬಿಚ್ಚಿಕೊಳ್ಳುವ ಸರಸರ. ಹಿತ್ತಾಳೆಯ ಕಪ್ಲಿಂಗುಗಳು ಒಂದರೊಳಗೊಂದು ಕೂತು ಟಕ್ ಅನ್ನುವುದು. ಅದಾದ ಮರುಗಳಿಗೆ ಒಬ್ಬರು ಗಂಟಲು ಹರಿಯುವಂತೆ "ವಾಟರ್ ಆನ್" ಎಂದು ಕೂಗಬೇಕು. ಅದು ಡ್ರಿಲ್ಲಿನ ನಿಯಮ. ಮೂಡಿಗೆರೆಯ ನಮ್ಮ ಮನೆಯ ಹಿಂಗೋಡೆಯಾಚೆ ಫೈರ್ ಸ್ಟೇಷನ್ನಿನ ಅಂಗಳ ಇದ್ದುದರಿಂದ, ಪ್ರತಿ ಬೆಳಿಗ್ಗೆ ನನ್ನ ಕಾಫಿಯ ಜೊತೆಗೆ ಈ ಸದ್ದುಗಳೂ ಬರುತ್ತಿದ್ದವು. ವಾರದಲ್ಲಿ ಮೂರು ದಿನ ಕೂಗು ಸರಿಯಾಗಿಯೇ ಕೇಳುತ್ತಿತ್ತು. ಉಳಿದ ದಿನ, ಆ ಕೂಗು ಬರಬೇಕಾದ ಜಾಗದಲ್ಲಿ, ಪಕ್ಕದ ಮನೆಯವರನ್ನು ಒಂದು ಲೋಟ ಸಕ್ಕರೆ ಕೇಳುವ ಹಾಗೆ ಒಂದು ದನಿ ಬರುತ್ತಿತ್ತು: "ನೀರು ಬಿಡ್ತೀರಾ ಸ್ವಲ್ಪ?"

ಆ ದನಿಯವರು ತೀರಿಕೊಂಡರೆಂದು ಹೋದ ತಿಂಗಳು ಮೆಡಿಕಲ್ ಶಾಪಿನವರು ನನ್ನ ಬಿಪಿ ಮಾತ್ರೆ ಕಟ್ಟುತ್ತ ಹೇಳಿದರು. "ನಿಮ್ಮ ಸ್ಟೂಡೆಂಟ್ ಹೋಗ್ಬಿಟ್ರಂತೆ ಅಮ್ಮ, ಗೊತ್ತಾಯ್ತಾ?" ನನಗೆ ಜನ್ಮದಲ್ಲಿ ಇದ್ದದ್ದು ಒಬ್ಬರೇ ಸ್ಟೂಡೆಂಟ್. ಅದೂ ಮೀಸೆ ನರೆಯಲು ಶುರುವಾಗಿದ್ದವರು. ಯಾರು ಎಂದು ಕೇಳಬೇಕಾಗಲಿಲ್ಲ.

ಹೆಸರು ಬರೆಯುವುದಿಲ್ಲ. ಸ್ಟೇಷನ್ನಿನಲ್ಲಿ ಅವರ ಹುದ್ದೆ ಲೀಡಿಂಗ್ ಫೈರ್‌ಮನ್. ಎಂಜಿನ್ನಿನ ಮೇಲೆ ಹೋಗುವ ನಾಲ್ಕೈದು ಜನಕ್ಕೆ ಮುಂದಾಳು, ಆದರೆ ಆಫೀಸರ್ ಅಲ್ಲ. ಊರೆಲ್ಲ ಅವರನ್ನು "ಲೀಡಿಂಗ್" ಎಂದೇ ಕರೆಯುತ್ತಿತ್ತು. ನಾನೂ ಹಾಗೇ ಕರೆಯುತ್ತೇನೆ.

ಅವರು ಮೊದಲ ಸಲ ನಮ್ಮ ಮನೆಗೆ ಬಂದದ್ದು ಎರಡು ಸಾವಿರದ ಇಸವಿ ಕಳೆದ ಮೇಲೆ, ಒಂದು ಭಾನುವಾರ ಮಧ್ಯಾಹ್ನ. ನಮ್ಮ ಯಜಮಾನರಿಗೆ ಹಾರ್ಟ್ ಆಪರೇಷನ್ ಆಗಿ, ಡಾಕ್ಟರು ಪೇಟೆಯ ಹತ್ತಿರ ಇರಿ ಅಂದದ್ದರಿಂದ, ಗೋಣಿಬೀಡಿನ ಹತ್ತಿರದ ಎಸ್ಟೇಟನ್ನು ಲೆಕ್ಕಪತ್ರ ನೋಡುವ ರೈಟರ ಮೇಲೆ ಬಿಟ್ಟು ನಾವು ಮೂಡಿಗೆರೆಗೆ ಬಂದು ಒಂದು ವರ್ಷವಾಗಿತ್ತು. ಗೇಟಿನ ಹತ್ತಿರ ಯಾರೋ ಕೆಮ್ಮಿದರು. ಕಾಲಿಂಗ್ ಬೆಲ್ ಇತ್ತು, ಒತ್ತಲಿಲ್ಲ. ಹೋಗಿ ನೋಡಿದರೆ ಇಸ್ತ್ರಿ ಮಾಡಿದ ಬಿಳಿ ಷರ್ಟು, ಕಂಕುಳಲ್ಲಿ ಹಳೆಯ ಕ್ಯಾಲೆಂಡರಿನ ಹಾಳೆಯ ರಟ್ಟು ಹಾಕಿದ ದಪ್ಪ ಪುಸ್ತಕ. ಮುಖ ನೋಡಿದೊಡನೆ ನನಗೆ ಗುರುತು ಸಿಕ್ಕಿತು. ಅದಕ್ಕೆ ಆರೇಳು ವರ್ಷ ಮುಂಚೆ ನಮ್ಮ ಎಸ್ಟೇಟಿನ ಸ್ಟೋರಿಗೆ ಬೆಂಕಿ ಬಿದ್ದಾಗ ಎಂಜಿನ್ ತಂದವರು ಇವರೇ. ಅವರಿಗೂ ಗುರುತು ಸಿಕ್ಕಿತೆಂದು ಅವರು ಕಣ್ಣು ತಗ್ಗಿಸಿದ ರೀತಿಯಲ್ಲೇ ತಿಳಿಯಿತು. ಇಬ್ಬರೂ ಆ ಮಾತು ಎತ್ತಲಿಲ್ಲ.

"ಮೇಡಂ ಕಾನ್ವೆಂಟಲ್ಲಿ ಓದಿದ್ದು ಅಂತ ಹೇಳಿದ್ರು. ನನಗೆ ಇಂಗ್ಲಿಷ್ ಓದೋಕೆ ಬರುತ್ತೆ. ಅರ್ಥ ಆಗಲ್ಲ."

"ಎಂತಕ್ಕೆ ಈಗ ಇಂಗ್ಲಿಷು?"

"ಡಿಪಾರ್ಟ್‌ಮೆಂಟ್ ಎಕ್ಸಾಂ ಮೇಡಂ, ಸ್ಟೇಷನ್ ಆಫೀಸರ್ ಆಗೋಕೆ. ಒಂದ್ಸಲ ಬರ್ದು ಹೋಗಿದೆ. ಇನ್ನು ಎರಡು ಚಾನ್ಸ್ ಇದೆ. ಆಮೇಲೆ ವಯಸ್ಸು ಮೀರುತ್ತೆ."

ಆಫೀಸರ್ ಆಗಲೇಬೇಕಾ ಎಂದು ನಾನು ಸುಮ್ಮನೆ ಕೇಳಿದೆ. ನಲವತ್ತು ದಾಟಿದ ಮನುಷ್ಯನಿಗೆ ಪರೀಕ್ಷೆಯ ಉಪದ್ರವ ಏಕೆ ಅನ್ನಿಸಿತು. ಅವರು ಪುಸ್ತಕದ ರಟ್ಟನ್ನು ಹೆಬ್ಬೆರಳಿನಿಂದ ಉಜ್ಜುತ್ತ ನಿಂತರು. "ಎಲ್ಲಿಗೆ ಹೋದ್ರೂ ಅಷ್ಟೇ ಮೇಡಂ. ಅಲ್ಲಿ ಮನೆ ಉರೀತಾ ಇರುತ್ತೆ. ನಾನು ಎಂಜಿನ್‌ನಿಂದ ಇಳಿದ ಕೂಡ್ಲೇ ಜನ ನನ್ನ ಹಿಂದೆ ನೋಡ್ತಾರೆ. ಇನ್ಯಾರಾದ್ರೂ ದೊಡ್ಡೋರು ಇಳೀತಾರಾ ಅಂತ. ಇಪ್ಪತ್ತು ವರ್ಷ ಆಯ್ತು."

ಅವರ ತಂದೆ ವಸ್ತಾರೆ ಕಡೆಯ ಒಂದು ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿದ್ದರಂತೆ. "ಸಾವ್ಕಾರ್ರು ಬಾಯಿಬಿಟ್ಟು ಹೇಳೋ ತನಕ ಯಾವುದಕ್ಕೂ ಕೈ ಹಾಕ್ಬೇಡ" ಅನ್ನುವುದು ಆ ತಂದೆಯ ಬುದ್ಧಿವಾದ. ಮಗ ಅದನ್ನು ಖಾಕಿಯೊಳಗೂ ಇಟ್ಟುಕೊಂಡಿದ್ದರು. ಮೊದಲ ಎರಡು ತಿಂಗಳು ಅವರು ನಮ್ಮ ಹಾಲಿನೊಳಗೆ ಬರಲಿಲ್ಲ. ವರಾಂಡದ ಬೆಂಚಿನ ತುದಿಯಲ್ಲಿ ಕೂತು ಪಾಠ ಹೇಳಿಸಿಕೊಂಡರು. ನಾನು ಕೊಟ್ಟ ಕಾಫಿಯನ್ನು ನಿಂತುಕೊಂಡು ಕುಡಿಯುತ್ತಿದ್ದರು. "ಪ್ಲೀಸ್, ಕೂತ್ಕೊಂಡು ಕುಡೀರಿ" ಅಂದರೆ, "ಪರ್ವಾಗಿಲ್ಲ ಮೇಡಂ, ನಿಂತ್ರೆ ಬೇಗ ಇಳಿಯುತ್ತೆ" ಎಂದು ನಗುತ್ತಿದ್ದರು.

ಪಾಠ ಅಂದರೆ ಎಂಥ ಪಾಠ. ಪುಸ್ತಕದ ಅಂಚಿನಲ್ಲೆಲ್ಲ ಪೆನ್ಸಿಲ್ಲಿನಲ್ಲಿ ಇರುವೆ ಸಾಲಿನಂತೆ ಕನ್ನಡ ಅರ್ಥಗಳು. ಅರ್ಧ ಸರಿ, ಅರ್ಧ ಅವರದೇ ಊಹೆ. ಒಂದು ದಿನ "ಸೈಜ್ ಅಪ್ ಅಂದ್ರೆ ಎಂತ ಮೇಡಂ" ಎಂದರು. ಜಾಗಕ್ಕೆ ಹೋದ ಕೂಡಲೇ ಏನನ್ನೂ ಮುಟ್ಟದೆ ಸುತ್ತ ಕಣ್ಣಾಡಿಸಿ ಲೆಕ್ಕ ಹಾಕುವುದು: ಎಷ್ಟು ಹತ್ತಿದೆ, ಒಳಗೆ ಯಾರಿದ್ದಾರೆ, ಗಾಳಿ ಯಾವ ಕಡೆ, ನೀರು ಎಲ್ಲಿ ಎಂದು ನಾನು ನನಗೆ ತಿಳಿದಷ್ಟು ವಿವರಿಸಿದೆ. ಅವರು ತಲೆಯಾಡಿಸಿದರು. "ಗೊತ್ತಾಯ್ತು. ಹೆಣ್ಣು ನೋಡೋಕೆ ಹೋದಾಗ ನಮ್ಮತ್ತೆ ಮಾಡ್ತಿದ್ರಲ್ಲ, ಅದು. ಬಾಯಲ್ಲಿ ಉಪ್ಪಿಟ್ಟು, ಕಣ್ಣು ಮಾತ್ರ ಅಟ್ಟದ ಮೇಲೆ." ಅಂಚಿನಲ್ಲಿ ಹಾಗೆಯೇ ಬರೆದುಕೊಂಡರು: ಅತ್ತೆ ನೋಟ.

ಅವರು ಕಲಿತದ್ದಕ್ಕಿಂತ ನಾನೇ ಹೆಚ್ಚು ಕಲಿತೆನೇನೋ. ಬೆಂಕಿಗಿಂತ ಹೊಗೆ ಕೊಲ್ಲುತ್ತದೆ, ಉರಿಯುವ ಮನೆಯ ಬಾಗಿಲನ್ನು ನಿಂತು ತೆರೆಯಬಾರದು, ಕೂತು ತೆರೆಯಬೇಕು, ಇಂಥವು. "ನಮ್ಮಲ್ಲಿ ಬೆಂಕಿ ಕಮ್ಮಿ ಮೇಡಂ, ದನ ಜಾಸ್ತಿ" ಅನ್ನುತ್ತಿದ್ದರು. ತಿಂಗಳಿಗೆ ಮೂರು ಸಲವಾದರೂ ಬಾವಿಗೆ ಬಿದ್ದ ದನ ಎತ್ತಲು ಹೋಗಬೇಕಿತ್ತು. ಹಗ್ಗ ಕಟ್ಟುವಾಗ ದನದ ಜೊತೆ ಮಾತಾಡುವುದು ಇವರೊಬ್ಬರೇ ಎಂದು ಸ್ಟೇಷನ್ನಿನವರು ಆಡಿಕೊಳ್ಳುತ್ತಿದ್ದರು. ಅವರ ಡ್ರೈವರು ಒಂದು ಸಲ ನನಗೆ ಗೋಡೆಯಾಚೆಯಿಂದಲೇ ಹೇಳಿದ್ದ: "ನಿಮ್ಮ ಸ್ಟೂಡೆಂಟಿಗೆ ಸ್ವಲ್ಪ ಬೈಯೋದು ಕಲ್ಸಿ ಮೇಡಂ. ಬೆಂಕಿಗೂ ನಮಸ್ಕಾರ ಮಾಡಿ ನೀರು ಹಾಕ್ತಾರೆ ಮಾರಾಯ್ರು."

ರಜೆಯ ದಿನ ಅವರು ಸೈಕಲ್ ಮೇಲೆ ಎಸ್ಟೇಟುಗಳ ಗೇಟು ನೋಡಿಕೊಂಡು ಬರುತ್ತಿದ್ದರು. ಯಾರೂ ಹೇಳಿದ್ದಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದಿಡುತ್ತಿದ್ದರು. ಬಣಕಲ್ ದಾಟಿದ ಮೇಲೆ ಎಡಕ್ಕೆ ಮೂರನೇ ಗೇಟು: ಎಂಜಿನ್ ಒಳಗೆ ಹೋಗುತ್ತೆ, ತಿರುಗಲ್ಲ. ಹಣ್ಣು ಸುಲಿಯೋ ಪಲ್ಪರ್ ಪಕ್ಕ ಟ್ಯಾಂಕಿ ಇದೆ, ಬೇಸಿಗೆಯಲ್ಲಿ ಅರ್ಧ. ಸೇತುವೆಯ ಎಡ ಅಂಚು ಜಗ್ಗಿದೆ. ಕೊನೆಯಲ್ಲಿ ಆ ಮನೆಯ ನಾಯಿಯ ಹೆಸರು. ನಾಯಿಯ ಹೆಸರು ಯಾಕೆ ಎಂದು ಕೇಳಿದೆ. "ಮನೆಯೋರು ಗಾಬರೀಲಿ ನಾಯಿ ಕಟ್ಟೋದು ಮರೀತಾರೆ. ಹೆಸರು ಹಿಡಿದು ಕರೆದ್ರೆ ಅರ್ಧ ನಾಯಿಗಳು ಸುಮ್ಮನಾಗ್ತವೆ."

ನಮ್ಮ ಅಡಿಗೆಮನೆಯಲ್ಲಿ ಗ್ಯಾಸ್ ಸಿಲಿಂಡರು ಕಿಟಕಿ ಇಲ್ಲದ ಮೂಲೆಯಲ್ಲಿ, ದೇವರ ದೀಪದ ಕೆಳಗೇ ಇತ್ತು. ಮೂರು ಭಾನುವಾರ ಅವರು ಅದನ್ನು ಕಣ್ಣಂಚಿನಲ್ಲಿ ನೋಡಿಕೊಂಡು ಹೋಗಿದ್ದು ನನಗೆ ಕಂಡಿತ್ತು. ನಾಲ್ಕನೆಯ ಭಾನುವಾರ ನಾನು ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಸಿಲಿಂಡರು ಬಾಗಿಲ ಹತ್ತಿರದ ಗಾಳಿಯ ಜಾಗಕ್ಕೆ ಬಂದು, ಅದರ ಕೆಳಗೆ ಒಂದು ಮಣೆಯೂ ಬಂದಿತ್ತು. ಅವರು ಬೆವರು ಒರೆಸಿಕೊಳ್ಳುತ್ತ ತಪ್ಪಿತಸ್ಥರಂತೆ ನಿಂತಿದ್ದರು. "ಹೇಳೋಕೆ ಆಗ್ಲಿಲ್ಲ ಮೇಡಂ. ಅದಕ್ಕೇ ಮಾಡ್ಬಿಟ್ಟೆ."

ಹೇಳುವ ಬದಲು ಮಾಡಿಬಿಡುವುದು. ಬೇರೆ ಯಾವ ಕೆಲಸದಲ್ಲಾದರೂ ಅದು ಗುಣವೇ. ಅವರು ಬರೆಯುತ್ತಿದ್ದ ಪರೀಕ್ಷೆಯಲ್ಲಿ ಮಾತ್ರ ಅದೇ ಅವರ ಶತ್ರು. ಆಫೀಸರ್ ಆದವನು ಪೈಪು ಹಿಡಿಯಬಾರದು, ಒಳಗೆ ನುಗ್ಗಬಾರದು. ನಾಲ್ಕೂ ದಿಕ್ಕು ಕಾಣುವ ಕಡೆ ನಿಂತು ಬೇರೆಯವರಿಗೆ ಹೇಳಬೇಕು. ಅದನ್ನೇ ಅಳೆಯುವುದಕ್ಕೆ ಆ ವರ್ಷಗಳಲ್ಲಿ "ಇನ್ಸಿಡೆಂಟ್ ಕಮಾಂಡ್ ಸಿಮ್ಯುಲೇಷನ್" ಅನ್ನುವ ಹೊಸ ಪ್ರಾಕ್ಟಿಕಲ್ ಸೇರಿಸಿದ್ದರು. ಬೆಂಗಳೂರಿನ ಟ್ರೇನಿಂಗ್ ಸೆಂಟರಿನ ಅಂಗಳದಲ್ಲಿ ಒಂದು ಕಟ್ಟಡಕ್ಕೆ ಹುಲ್ಲಿನ ಹೊಗೆ ಹಾಕಿ, ಪರೀಕ್ಷೆ ಮಾಡುವ ಸಾಹೇಬರುಗಳೇ ಮನೆಯವರು, ಪೊಲೀಸು, ನೋಡಲು ಬಂದ ಜನ ಎಂದೆಲ್ಲ ವೇಷ ಹಾಕಿ ತೊಂದರೆ ಕೊಡುತ್ತಾರೆ. ಪರೀಕ್ಷೆಗೆ ಬಂದವರು ಇಪ್ಪತ್ತು ನಿಮಿಷ ಎಲ್ಲರನ್ನೂ ನಿಭಾಯಿಸಬೇಕು. ಮೈ ಗುಡ್‌ನೆಸ್, ನಮ್ಮ ಕಾನ್ವೆಂಟಿನ ಆನ್ಯುವಲ್ ಡೇ ನಾಟಕದ ಹಾಗೇ ಎಂದು ನಾನು ನಕ್ಕಿದ್ದೆ.

ಆ ಸಲ ಬರವಣಿಗೆಯ ಪೇಪರುಗಳೆಲ್ಲ ಪಾಸಾದವು. ನಾಟಕದಲ್ಲಿ ಫೇಲಾದರು.

ಬೆಂಗಳೂರಿನಿಂದ ಬಂದವರು ಆ ದಿನ ತಾವಾಗಿಯೇ ಒಳಗೆ ಬಂದು ಡೈನಿಂಗ್ ಟೇಬಲಿನ ಕುರ್ಚಿಯಲ್ಲಿ ಕೂತರು. ಕೂತಿದ್ದೇನೆ ಅನ್ನುವುದೂ ಅವರಿಗೆ ತಿಳಿದಿರಲಿಲ್ಲ. "ಎಲ್ಲ ಚೆನ್ನಾಗೇ ಮಾಡ್ದೆ ಮೇಡಂ. ಅತ್ತೆ ನೋಟ ನೋಡ್ದೆ. ನೀರು ಎಲ್ಲಿಂದ ಅಂತ ಹೇಳ್ದೆ. ಆ ಕಟ್ಟಡಕ್ಕೆ ಬೀಗ ಹಾಕಿತ್ತು. ಒಬ್ರು ಸಾಹೇಬ್ರು ಓನರ್ ಆಗಿದ್ರು. ಬಂದು, ಬೀಗ ಮುಟ್ಬೇಡಿ, ಕೀ ತರಿಸ್ತಾ ಇದ್ದೀನಿ ಅಂದ್ರು. ಆಯ್ತು ಸಾರ್ ಅಂದೆ."

"ಆಮೇಲೆ?"

"ಆಮೇಲೆ ಎಂತ. ಕಾದೆ. ಟೈಂ ಮುಗೀತು."

ಅವರು ನಗಲು ನೋಡಿದರು. ನನಗೆ ಕೈಯಲ್ಲಿದ್ದ ತಟ್ಟೆ ಇಡಲು ಜಾಗ ಕಾಣಲಿಲ್ಲ.

ಈಗ ನಮ್ಮ ಸ್ಟೋರಿನ ಬೆಂಕಿಯ ವಿಷಯ ಬರೆಯಲೇಬೇಕು. ತೊಂಬತ್ತರ ದಶಕದ ನಡುವಿನ ಒಂದು ಫೆಬ್ರವರಿ, ಮಧ್ಯಾಹ್ನದ ಊಟದ ಹೊತ್ತು. ಆ ವರ್ಷದ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಕಾಫಿ ಬೀಜ, ಚೀಲಗಳಲ್ಲಿ ತುಂಬಿ ಸ್ಟೋರಿನಲ್ಲಿತ್ತು. ಹಿಂದಿನ ಮೂಲೆಯಲ್ಲಿ ಖಾಲಿ ಗೋಣಿಗಳ ರಾಶಿ ಇತ್ತು. ಅಲ್ಲಿಂದ, ಹೆಂಚಿನ ಸಂದಿಯಲ್ಲಿ, ಹೊಗೆ ಬರತೊಡಗಿತು. ಹಿಂದಿನ ವರ್ಷ ಕೆಲವು ಚೀಲ ಕಳುವಾಗಿದ್ದರಿಂದ ಯಜಮಾನರು ಒಂದೇ ಕೀ ಇಟ್ಟುಕೊಂಡು ಅದನ್ನು ತಮ್ಮ ಜೇಬಿನಲ್ಲೇ ಇಟ್ಟುಕೊಳ್ಳುತ್ತಿದ್ದರು. ಅವರು ಅಂದು ಚಿಕ್ಕಮಗಳೂರಿಗೆ ಹೋಗಿದ್ದರು. ಅವರಿಗೂ ಫೈರ್ ಸ್ಟೇಷನ್ನಿಗೂ ಫೋನ್ ಮಾಡಿ ತಿಳಿಸಿದೆವು. ಎಂಜಿನ್ ಬಂತು. ಕೈಯಲ್ಲಿ ಹಾರೆ ಹಿಡಿದುಕೊಂಡು ಲೀಡಿಂಗ್ ನನ್ನ ಹತ್ತಿರ ಬಂದು ಕೇಳಿದರು: "ಬೀಗ ಒಡೀಬಹುದಾ ಅಮ್ಮೋರೆ?"

ನಾನು ಹೇಳಿದೆ: "ಬೇಡ. ಯಜಮಾನ್ರು ಬರ್ಲಿ. ದಾರೀಲಿದ್ದಾರೆ."

"ಆಯ್ತು" ಅಂದರು. ಹೊರಗಿನಿಂದ ಹೆಂಚಿನ ಮೇಲೆ ನೀರು ಹೊಡೆಸುತ್ತ ನಿಂತರು. ಯಜಮಾನರ ಜೀಪು ಬರಲು ಮುಕ್ಕಾಲು ಗಂಟೆ ಆಯಿತು. ಬಾಗಿಲು ತೆರೆದಾಗ ಒಳಗೆ ಕಾದಿದ್ದ ಬೆಂಕಿ ಗಾಳಿ ಸಿಕ್ಕಿ ಎದ್ದು ನಿಂತಿತು. ಅಟ್ಟದ ತೊಲೆ ಜಾರಿ ಒಬ್ಬ ಫೈರ್‌ಮನ್ನಿನ ಹೆಗಲ ಮೂಳೆ ಮುರಿಯಿತು. ಪಾರ್ಚ್‌ಮೆಂಟ್ ಒಂದು ಚೀಲವೂ ಉಳಿಯಲಿಲ್ಲ. ಯಜಮಾನರು ಎಲ್ಲರೆದುರು, "ಕೈ ಕಟ್ಟಿ ನಿಲ್ಲೋಕೆ ಎಂಜಿನ್ ಯಾಕ್ರೀ ಬೇಕು? ನನ್ನ ಆಳುಗಳು ನಿಲ್ತಿದ್ರು" ಎಂದು ಬೈದರು. ಸೆರಗನ್ನು ಮೂಗಿಗೆ ಒತ್ತಿಕೊಂಡು ನಾನು ಪಕ್ಕದಲ್ಲೇ ಇದ್ದೆ. ಬೇಡ ಅಂದದ್ದು ನಾನು ಎಂದು ಹೇಳಲಿಲ್ಲ. ಲೀಡಿಂಗ್ ಕೂಡ ಹೇಳಲಿಲ್ಲ. ಆಮೇಲೆ ವಿಚಾರಣೆಯಾದಾಗ "ಬೀಗ ತೆರೆಯುವುದು ತಡವಾಯಿತು" ಎಂದಷ್ಟೇ ಬರೆದುಕೊಟ್ಟು, ಸ್ವಂತ ನಿರ್ಧಾರ ತೆಗೆದುಕೊಳ್ಳಲಿಲ್ಲವೆಂದು ಒಂದು ಮೆಮೊ ತೆಗೆದುಕೊಂಡರಂತೆ. ಅದು ಅವರ ಫೈಲಿನಲ್ಲಿ ಕೂತಿತು.

ಕಾನ್ವೆಂಟಿನಲ್ಲಿ ಕ್ರಿಶ್ಚಿಯನ್ ಹುಡುಗಿಯರು ಶನಿವಾರ ಸಾಲಾಗಿ ಕನ್ಫೆಷನ್ನಿಗೆ ಹೋಗುತ್ತಿದ್ದರು. ನಾವು ಗೌಡರ ಮನೆ ಹುಡುಗಿಯರು ಹೊರಗಿನ ಮೆಟ್ಟಿಲ ಮೇಲೆ ಕೂತು, ಒಳಗೆ ಏನು ಹೇಳುತ್ತಾರೋ ಎಂದು ಕುತೂಹಲಪಡುತ್ತಿದ್ದೆವು. ನನಗೆ ಆ ಅಭ್ಯಾಸವೇ ಆಗಲಿಲ್ಲ, ಏನು ಮಾಡುವುದು. ಯಜಮಾನರು ಕೆಟ್ಟವರಲ್ಲ. ಆದರೆ ಅವರಿಗೆ ಒಂದು ಸಿಟ್ಟು ಬಂದರೆ ಅದನ್ನು ಹತ್ತು ವರ್ಷ ಜೋಪಾನವಾಗಿ ಇಟ್ಟುಕೊಳ್ಳುತ್ತಿದ್ದರು. ಅದು ನನ್ನ ಕಡೆ ತಿರುಗುವುದು ನನಗೆ ಬೇಡವಾಗಿತ್ತು. ಅಷ್ಟೇ ಕಾರಣ. ಅದಕ್ಕಿಂತ ದೊಡ್ಡ ಕಾರಣ ಇದ್ದಿದ್ದರೆ ಬರೆಯುವುದು ಸುಲಭವಾಗುತ್ತಿತ್ತು.

ಇನ್ನು ಒಂದೇ ಚಾನ್ಸು. ಬರವಣಿಗೆ ಮತ್ತೆ ಬೇಡ, ಪ್ರಾಕ್ಟಿಕಲ್ ಮಾತ್ರ. ಮುಂದಿನ ಭಾನುವಾರದಿಂದ ನಮ್ಮ ಡೈನಿಂಗ್ ಟೇಬಲ್ ಒಂದು ಎಸ್ಟೇಟ್ ಆಯಿತು. ಬಿಸ್ಕತ್ ಡಬ್ಬ ಸ್ಟೋರು. ಬೆಂಕಿಪೊಟ್ಟಣಗಳು ಆಳುಗಳ ಲೈನ್ ಮನೆಗಳು. ಹತ್ತಿ ಹೊಗೆ. ನನ್ನ ಕನ್ನಡಕದ ಪೆಟ್ಟಿಗೆ ಎಂಜಿನ್. ಕಾಫಿ ಬೀಜಗಳು ಫೈರ್‌ಮನ್ನುಗಳು, ಕಾಳುಮೆಣಸು ಪಬ್ಲಿಕ್ಕು. ಪೇಪರ್ ಓದುತ್ತಿದ್ದ ಯಜಮಾನರು ಎರಡು ವಾರ ತಡೆದುಕೊಂಡರು. ಮೂರನೆಯ ವಾರ ಕುರ್ಚಿ ಎಳೆದುಕೊಂಡು ಬಂದು, "ಪಬ್ಲಿಕ್ ನಾನಾಗ್ತೀನಿ" ಎಂದರು. ಎಂಜಿನ್ ಇನ್ನೂ ಉಪ್ಪಿನ ಬಟ್ಟಲು ದಾಟಿರಲಿಲ್ಲ, "ಏನ್ರೀ, ಈಗ ಬರೋದಾ? ದಾರೀಲಿ ಕಾಫಿ ಕುಡ್ಕೊಂಡು ಬಂದ್ರಾ?" ಎಂದು ಶುರುಮಾಡಿದರು. ಆ ಪಾತ್ರಕ್ಕೆ ಅವರಿಗೆ ರಿಹರ್ಸಲ್ ಬೇಕಾಗಿರಲಿಲ್ಲ.

ಲೀಡಿಂಗ್ ಮೊದಮೊದಲು ತಾವೇ ಒಂದು ಕಾಫಿ ಬೀಜವಾಗಿ ಡಬ್ಬದೊಳಗೆ ಹೋಗಿಬಿಡುತ್ತಿದ್ದರು. "ಆಫೀಸರ್ ಒಳಗೆ ಹೋದ್ರು. ಈಗ ಹಿಂದಿನ ಲೈನ್ ಮನೆ ಹತ್ತಿಕೊಂಡ್ತು. ಯಾರು ನೋಡ್ತಾರೆ?" ಎಂದು ನಾನು ಬೆಂಕಿಪೊಟ್ಟಣದ ಮೇಲೆ ಹತ್ತಿ ಇಡುತ್ತಿದ್ದೆ. ನಾಲ್ಕು ವಾರದಲ್ಲಿ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಟೇಬಲಿನ ಮೂಲೆಯಲ್ಲಿ ನಿಲ್ಲಲು ಕಲಿತರು. ಬೆರಳುಗಳು ಮಾತ್ರ ಬೆನ್ನ ಹಿಂದೆ ಚಡಪಡಿಸುತ್ತಿದ್ದವು.

ಆಮೇಲೆ ಬೀಗ. ಓನರ್ ಪಾರ್ಟು ನನ್ನದು. ನಾನು ಬೇಕೆಂದೇ ಅವೇ ಮಾತು ಹೇಳಿದೆ: "ಒಡೀಬೇಡಿ. ಯಜಮಾನ್ರು ಬರ್ಲಿ. ದಾರೀಲಿದ್ದಾರೆ."

ಅವರು ನನ್ನ ಮುಖ ನೋಡಿದರು. "ಆಯ್ತು ಮೇಡಂ" ಎಂದರು.

"ಆಯ್ತು ಅನ್ಬಾರ್ದು. ಒಡೀರಿ."

"ಸರಿ."

ಮತ್ತೆ ಮೊದಲಿನಿಂದ ಬಂದೆವು. ಮತ್ತೆ ನಾನು ಬೇಡ ಅಂದೆ, ಮತ್ತೆ ಅವರು ಆಯ್ತು ಅಂದರು. ಮೂರು ಸಲ. ಯಜಮಾನರು ಬಿಸ್ಕತ್ ಡಬ್ಬದ ಮೇಲೆ ಬೆರಳು ಬಡಿದು, "ನನ್ನ ಸ್ಟೋರೂ ಹಿಂಗೇ ಸುಟ್ಟಿದ್ದು ನೋಡಿ. ಇವ್ರು ಬೀಗ ನೋಡ್ಕೊಂಡು ನಿಂತಿದ್ರು" ಎಂದರು. ಕೋಪದಿಂದಲ್ಲ, ಹಳೆಯ ಜೋಕು ಹೇಳುವ ಹಾಗೆ. ಲೀಡಿಂಗ್ ಕಾಳುಮೆಣಸುಗಳನ್ನು ಒಂದೊಂದಾಗಿ ಬಟ್ಟಲಿಗೆ ಹಾಕತೊಡಗಿದರು. "ಹೌದು ಸಾರ್, ಅವತ್ತು ನಂದು ತಪ್ಪಾಯ್ತು" ಎಂದರು. ನಾನು ಒಳಗೆ ಹೋಗಿ ಖಾಲಿ ಒಲೆಯ ಮುಂದೆ ನಿಂತೆ.

ಮುಂದಿನ ವಾರದಿಂದ ನಾನು ಅವರಿಗೆ ಎಲೊಕ್ಯೂಷನ್ ಶುರುಮಾಡಿದೆ. ನಮ್ಮ ಸಿಸ್ಟರೊಬ್ಬರು ನಮ್ಮನ್ನು ಸ್ಟೇಜಿನ ಮೇಲೆ ನಿಲ್ಲಿಸಿ, ಹಾಲಿನ ಕೊನೆಯಲ್ಲಿ ತಾವು ಕೂತು, ಕೇಳಿಸದಿದ್ದರೆ ಗಂಟೆ ಬಾರಿಸುತ್ತಿದ್ದರು. ನಾನು ಗೇಟಿನ ಹತ್ತಿರ ನಿಂತು ಇವರನ್ನು ವರಾಂಡದಿಂದ ಕೂಗಿಸಿದೆ. "ಸಣ್ಣ ಸಣ್ಣ ಮಾತು. ಸ್ವಲ್ಪ, ದಯವಿಟ್ಟು, ಆಗುತ್ತಾ, ಇವೆಲ್ಲ ಕಟ್. ಬೀಗ ಒಡಿ. ಅಷ್ಟೇ." ದನಿ ಬಂತು. ಓಣಿಯ ಎರಡು ಮನೆಯವರು ಹೊರಗೆ ಬಂದು ನೋಡುವಷ್ಟು ದನಿ ಬಂತು. ಆದರೆ ನಾನು ಟೇಬಲಿನ ಮುಂದೆ ಕೂತು ಬೇಡ ಅಂದರೆ ಆ ದನಿ ಇಳಿದುಹೋಗುತ್ತಿತ್ತು. "ಜೋರು ಮಾಡೋಕೆ ಆಗುತ್ತೆ ಮೇಡಂ. ದೊಡ್ಡೋರ ಮುಖಕ್ಕೆ ಎದುರಾಗಿ ಮಾಡೋಕೆ ಆಗಲ್ಲ. ನಾಲಿಗೆ ಮಡಚಿಕೊಳ್ಳುತ್ತೆ."

ದಾರಿ ಕಂಡುಕೊಂಡದ್ದು ಅವರೇ. ಪರೀಕ್ಷೆಗೆ ಹದಿನೈದು ದಿನ ಇತ್ತು. ಸಂಬಂಧಿಕರ ಮದುವೆ ಮುಗಿಸಿಕೊಂಡು ಬಂದವರು ಆ ಭಾನುವಾರ ಕೂರುವುದಕ್ಕೂ ಮೊದಲೇ, "ಮೇಡಂ, ಈಗ ನೀವು ಓನರ್ ಆಗಿ" ಎಂದರು. ನಾನು ಎಂದಿನಂತೆ, "ಒಡೀಬೇಡಿ, ಯಜಮಾನ್ರು ಬರ್ಲಿ" ಅಂದೆ.

"ಅಮ್ಮೋರೆ, ಬೀಗ ಒಡೀತಾ ಇದ್ದೀವಿ. ನೀವು ಗೇಟ್ ಹತ್ರ ನಿಂತ್ಕೊಳ್ಳಿ. ಯಜಮಾನ್ರ ಜೀಪು ಬಂದ್ರೆ ರಸ್ತೇಲೇ ನಿಲ್ಸಿ. ಒಳಗೆ ಬಂದ್ರೆ ಎಂಜಿನ್‌ಗೆ ಅಡ್ಡ ಆಗುತ್ತೆ. ಅದು ನಿಮ್ಮಿಂದಾನೇ ಆಗ್ಬೇಕು." ಮಾತು ಮುಗಿಸಿ ಅವರು ನನ್ನ ಕಡೆ ನೋಡಲೇ ಇಲ್ಲ. ತಿರುಗಿ ಕಾಫಿ ಬೀಜಗಳಿಗೆ, "ಹಾರೆ ಹಾಕಿ" ಅಂದರು.

ನಾನು, ಹಾನೆಸ್ಟ್ಲಿ ಬರೆಯುತ್ತಿದ್ದೇನೆ, ಕುರ್ಚಿಯಿಂದ ಅರ್ಧ ಎದ್ದಿದ್ದೆ, ಗೇಟಿಗೆ ಹೋಗಲು.

ಯಜಮಾನರು ಪೇಪರ್ ಕೆಳಗಿಟ್ಟು, "ಎಲ್ಲಿ ಕಲಿತ್ರಿ ಮಾರಾಯ್ರೆ ಇದನ್ನ?" ಎಂದು ಕೇಳಿದರು.

"ಮದುವೆ ಮನೇಲಿ ಸಾರ್. ನಮ್ಮ ಸೋದರಮಾವ ಒಬ್ರು, ಎಲ್ಲದಕ್ಕೂ ಅಡ್ಡ ಬರ್ತಿದ್ರು. ಚಪ್ಪರ ಸರಿಯಿಲ್ಲ, ಸಾರು ಸರಿಯಿಲ್ಲ. ಎದುರು ಮಾತಾಡೋಕಾಗುತ್ತಾ? ನಮ್ಮಕ್ಕ ಹೋಗಿ ಅವ್ರ ಕೈಗೆ ಎಲೆಅಡಿಕೆ ತಟ್ಟೆ ಕೊಟ್ಟು, ಬಾಗಿಲಲ್ಲಿ ನೀವೇ ನಿಲ್ಬೇಕು, ನೀವಿದ್ರೇನೇ ಶೋಭೆ ಅಂದ್ರು. ಮುಗೀತು. ಸಂಜೆ ತನಕ ಅಲ್ಲಾಡ್ಲಿಲ್ಲ ಅವ್ರು."

ಪುಸ್ತಕದಲ್ಲಿ ಇದು ಎಲ್ಲೂ ಇರಲಿಲ್ಲ. ನಾನು ಒಂದು ವರ್ಷ ಅವರ ಮರ್ಯಾದೆಯನ್ನು ಬಿಡಿಸಲು ಹೆಣಗಿದ್ದೆ. ಅವರು ಅದನ್ನು ಬಿಡದೆಯೇ, 'ನೀವು' ಅನ್ನುವುದನ್ನು ಬಿಡದೆಯೇ, ಕಮಾಂಡ್ ಮಾಡಿದ್ದರು. ಆ ಮಧ್ಯಾಹ್ನ ಆರು ಸಲ ಬೀಗ ಒಡೆದರು. ಬಿಸ್ಕತ್ ಡಬ್ಬದ ಮುಚ್ಚಳ ಮತ್ತೆಂದೂ ಸರಿಯಾಗಿ ಕೂರಲಿಲ್ಲ.

ಬೆಂಗಳೂರಿನಲ್ಲಿ ನಡೆದದ್ದನ್ನು ಅವರ ಜೊತೆ ಹೋಗಿದ್ದ ಇನ್ನೊಬ್ಬ ಲೀಡಿಂಗ್ ಫೈರ್‌ಮನ್ ಬಂದು ಹೇಳಿದರು; ಇವರಾಗಿ ಹೇಳುವವರಲ್ಲ. ಈ ಸಲ ಓನರ್ ಆಗಿದ್ದ ಸಾಹೇಬರು ಭಾರಿ ಆಳಂತೆ. ಬೀಗದ ಮುಂದೆ ಕೈ ಚಾಚಿ ಅಡ್ಡ ನಿಂತು, ಒಳಗೆ ನನ್ನ ಲಕ್ಷಾಂತರದ ಮಾಲಿದೆ, ಮುಟ್ಟಿದರೆ ನೋಡಿ ಎಂದು ಗದರಿದರಂತೆ. ನಮ್ಮವರು ಕೈ ಮುಗಿದು, "ಸಾರ್, ಬೀಗ ಒಡೀತಾ ಇದ್ದೀವಿ. ನಿಮ್ಮ ಕೆಲಸದೋರು ಎಷ್ಟು ಜನ ಅಂತ ನಿಮಗೇ ಗೊತ್ತು. ಆ ಮರದ ಹತ್ರ ನಿಲ್ಸಿ ತಲೆ ಎಣಿಸಿ, ನನಗೆ ಬಂದು ಹೇಳಿ" ಅಂದರಂತೆ. ಸಾಹೇಬರು ಮರದ ಹತ್ತಿರ ಹೋಗಿ ನಿಜವಾಗಿಯೂ ಎಣಿಸತೊಡಗಿದರಂತೆ. ಬೀಗ ಬಿದ್ದ ಸದ್ದಿಗೆ ತಿರುಗಿ ನೋಡಿ, ತಾವೇ ಪರೀಕ್ಷಕರು ಅನ್ನುವುದು ನೆನಪಾಗಿ ನಕ್ಕುಬಿಟ್ಟರಂತೆ. "ಮಾರ್ಕ್ಸ್ ಕೊಡೋ ಮೊದ್ಲು ಸಾಹೇಬ್ರು ಲೆಕ್ಕ ಒಪ್ಸಿದ್ರು ಮೇಡಂ, ಹದಿನಾಲ್ಕು ಜನ ಅಂತ."

ರಿಸಲ್ಟು ಬಂದ ದಿನ ಸ್ಟೇಷನ್ನಿನವರು ಅಂಗಳದಲ್ಲಿ ಅವರ ಮೇಲೆ ಪೈಪಿನಲ್ಲಿ ನೀರು ಬಿಟ್ಟರು. ಗೋಡೆಯಾಚೆ ನಗು, ಕೇಕೆ. ಯಜಮಾನರೂ ಸಂತೋಷಪಟ್ಟರು. "ಕಲಿತರು ಬಿಡು ಕೊನೆಗೂ. ಅವತ್ತೇ ಕಲಿತಿದ್ರೆ ನಮ್ಮ ಮಾಲು ಉಳೀತಿತ್ತು" ಎಂದರು. ನಾನು ಅವರ ತಟ್ಟೆಗೆ ಅನ್ನ ಬಡಿಸುತ್ತಿದ್ದೆ. ಆಗಲೂ ಹೇಳಲಿಲ್ಲ.

ಹೇಳಿದ್ದು ಯಾವಾಗ ಎಂದರೆ, ಲೀಡಿಂಗ್ ಊರು ಬಿಟ್ಟ ದಿನ. ಹೇಳಿದ ಮೇಲೆ ಯಜಮಾನರು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ, ಅಷ್ಟು ವರ್ಷ ಪಕ್ಕದಲ್ಲೇ ಇದ್ದೂ ಒಮ್ಮೆಯೂ ಕಾಲಿಡದ ಫೈರ್ ಸ್ಟೇಷನ್ನಿಗೆ ಕೋಲು ಊರಿಕೊಂಡು ಹೋದರು. ಹೆಗಲ ಮೂಳೆ ಮುರಿದಿದ್ದ ಫೈರ್‌ಮನ್ನನ್ನು ಕರೆಸಿ, "ಅವತ್ತಿನ ತಪ್ಪು ನಮ್ಮನೇದು ಕಣಪ್ಪ, ನಿಮ್ದಲ್ಲ" ಎಂದು ಹೇಳಿ, ಅಲ್ಲಿನ ಬೆಂಚಿನ ಮೇಲೆ ಒಂದು ಗಂಟೆ ಕೂತು ಬಂದರು. ಆಮೇಲೆ ಬದುಕಿದ್ದಷ್ಟು ದಿನವೂ ಆ ಬೆಂಚು ಅವರ ಸಂಜೆಯ ಕ್ಲಬ್ಬಾಯಿತು. ನನ್ನ ಮೇಲೆ ಹತ್ತು ವರ್ಷದ ಸಿಟ್ಟೇನೂ ಬರಲಿಲ್ಲ. ನಾನು ಹೆದರಿದ್ದು ವೇಸ್ಟು.

ಇದೆಲ್ಲ ಆದದ್ದು ಬಸ್ ಸ್ಟ್ಯಾಂಡಿನಲ್ಲಿ ನಡೆದ ಒಂದು ಮಾತಿನಿಂದ. ಲೀಡಿಂಗ್ ಅವರಿಗೆ, ಇನ್ನು ಹಾಗೆ ಕರೆಯಬಾರದು, ಸ್ಟೇಷನ್ ಆಫೀಸರ್ ಅವರಿಗೆ, ಬಯಲುಸೀಮೆಯ ಒಂದು ಊರಿಗೆ ಪೋಸ್ಟಿಂಗ್ ಆಗಿತ್ತು. ಬೆಳಿಗ್ಗೆ ಎಂಟರ ಬಸ್ಸು. ಯಜಮಾನರಿಗೆ ತರಕಾರಿ ತರುತ್ತೇನೆಂದು ಹೇಳಿ ನಾನು ಹೋದೆ. ಅವರ ಹೆಂಡತಿ ಆಗಲೇ ಹತ್ತಿ ಕಿಟಕಿಯ ಪಕ್ಕ ಕೂತಿದ್ದರು. ಇವರು ಬಸ್ಸಿನ ಮೇಲೆ ಟ್ರಂಕು ಕಟ್ಟಿಸಿ ಕೆಳಗಿಳಿದು, ಅಂಗೈ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದರು.

ಎರಡು ವರ್ಷ ಅಭ್ಯಾಸ ಮಾಡಿಸಿದವಳು ನಾನು. ನನಗೇ ಸಣ್ಣ ಮಾತು ಬರಲಿಲ್ಲ. "ಅವತ್ತು ಸ್ಟೋರಿನ ಹತ್ರ ನಾನು ಬೇಡ ಅಂದದ್ದಕ್ಕೆ... ನಿಮ್ಮ ಮೆಮೊ... ನಾನು ಬಾಯಿ ಬಿಡಬೇಕಿತ್ತು. ಐ ಆಮ್ ಸಾರಿ" ಎಂದು ಏನೇನೋ ಹೇಳಿದೆ.

ಅವರು ಪೂರ್ತಿ ಕೇಳಿಸಿಕೊಂಡರು.

"ಅಲ್ಲಿ ಇನ್‌ಚಾರ್ಜ್ ಯಾರಿದ್ರು ಮೇಡಂ?"

"ನೀವು."

"ಹಂಗಾದ್ರೆ ತಪ್ಪೂ ನಂದೇ. ಅದನ್ನ ನೀವು ತಗೊಳ್ಳೋಕಾಗಲ್ಲ. ಪುಸ್ತಕದಲ್ಲೇ ಇದೆ, ನೀವೇ ಓದಿ ಹೇಳಿದ್ದು." ಅವರ ದನಿ ಮೆತ್ತಗೇ ಇತ್ತು. "ನೀವು ಸುಮ್ಮನಿದ್ರಲ್ಲ, ಅದು ಬೇರೆ. ಅದು ನಿಮ್ಮದು. ಅದನ್ನ ನನಗೆ ಹೇಳಿ ಪ್ರಯೋಜನ ಇಲ್ಲ. ಸಾರ್ ಇನ್ನೂ ನಮ್ಮ ಹುಡುಗ್ರು ನಿಂತು ನೋಡ್ತಿದ್ರು ಅಂತಾನೇ ತಿಳ್ಕೊಂಡಿದ್ದಾರೆ. ಇವತ್ತು ಮನೆಗೆ ಹೋಗಿ ಅವ್ರಿಗೆ ಹೇಳಿ."

ಕಂಡಕ್ಟರು ಸೀಟಿ ಊದಿದ. ನನಗೆ ಏನಾದರೂ ಹೇಳಬೇಕೆನಿಸಿತು. ಆಗಲಿ ಎಂದೋ, ನೋಡೋಣ ಎಂದೋ, ಯಜಮಾನರಿಗೆ ಬೈಪಾಸ್ ಆಗಿದೆ ಹೇಗೆ ಹೇಳಲಿ ಎಂದೋ. ಅಷ್ಟು ವರ್ಷ ನಾನು "ಸರಿ, ಹೋಗಿ ಬನ್ನಿ" ಅನ್ನುವ ತನಕ ನಮ್ಮ ಮೆಟ್ಟಿಲು ಇಳಿಯದಿದ್ದ ಮನುಷ್ಯ. ಆ ದಿನ ಅವರು ನನ್ನ ಉತ್ತರಕ್ಕೆ ಕಾಯಲಿಲ್ಲ. ಒಮ್ಮೆ ಕೈ ಮುಗಿದು, ತಿರುಗಿ, ಬಸ್ಸು ಹತ್ತಿದರು.